ಬರಗಾಲದ ಕೂಲಿಯಿಂದ ಕೆಲಸದ ಹಕ್ಕಿನವರೆಗೆ

ಮುಂಬಯಿ, ಪುಣೆಗಳಲ್ಲಿ ನೌಕರಿ ಮಾಡುವ ನಾವು ತಿಂಗಳ ಕೊನೆಗೆ ಸಂಬಳದ ಚೀಟಿ ಬಂದೊಡನೆ ನೋಡುವುದು ಕೈಗೆ ಬರುವ ಮೊತ್ತವನ್ನು. ಕಡಿತಗಳ ಪಟ್ಟಿಯಲ್ಲಿ ಭವಿಷ್ಯ ನಿಧಿ, ವರಮಾನ ತೆರಿಗೆಗಳ ಜೊತೆಗೆ ‘ವೃತ್ತಿ ತೆರಿಗೆ’ ಎಂಬ ಚಿಕ್ಕದೊಂದು ಬಾಬು ಇರುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300, ಒಟ್ಟು ವರ್ಷಕ್ಕೆ 2,500. ಮೊತ್ತ ಸಣ್ಣದು, ಅದೇಕೆ ಹೋಗುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ನಾವು ಕೇಳುವುದಿಲ್ಲ. ಫೆಬ್ರವರಿಯಲ್ಲಿ ನೂರು ರೂಪಾಯಿ ಹೆಚ್ಚು ಹೋದಾಗ ಒಮ್ಮೆ ಗೊಣಗಿ ಮರೆಯುತ್ತೇವೆ.

ಈ ಒಂದು ಸಾಲಿನ ಹಿಂದೆ ದೊಡ್ಡದೊಂದು ಚರಿತ್ರೆಯಿದೆ. ಮಹಾರಾಷ್ಟ್ರ ಸರಕಾರ ಈ ತೆರಿಗೆಯನ್ನು 1975ರ ಏಪ್ರಿಲ್‌ನಲ್ಲಿ ಜಾರಿಗೆ ತಂದದ್ದು ಹಳ್ಳಿಯ ಕೂಲಿಕಾರನಿಗೆ ಕೆಲಸ ಕೊಡುವ ಸಲುವಾಗಿ. ದೇಶ ಹಣದುಬ್ಬರದಿಂದ ತತ್ತರಿಸುತ್ತಿದ್ದ ದಿನಗಳವು. ಭಯಂಕರವಾದ ಬರವೊಂದು ಆಗತಾನೆ ಮುಗಿದಿತ್ತು. ಅಂಥ ಹೊತ್ತಿನಲ್ಲಿ ಒಂದು ರಾಜ್ಯ ತನ್ನ ಬಡವರಿಗೆ ದುಡಿಮೆಯ ಭರವಸೆ ಕೊಟ್ಟು, ಆ ದುಡಿಮೆಯಿಂದ ಮಣ್ಣನ್ನೂ ನೀರನ್ನೂ ಉಳಿಸಿಕೊಳ್ಳಲು ಹೊರಟಿತು. ಆ ಯತ್ನ ಎಷ್ಟರ ಮಟ್ಟಿಗೆ ಸಫಲವಾಯಿತು, ಎಲ್ಲಿ ಎಡವಿತು ಎಂಬುದನ್ನು ತಿಳಿಯುವುದು ಇಲ್ಲಿ ನೆಲಸಿದ ನಮಗೆ ಅವಶ್ಯ. ಅದಕ್ಕೆ ನಾವೂ ಹಣ ತೆತ್ತಿದ್ದೇವೆ. ಮೇಲಾಗಿ ನಮ್ಮಲ್ಲಿ ಎಷ್ಟೋ ಮನೆತನಗಳು ಈ ಊರುಗಳಿಗೆ ಬಂದದ್ದೇ ಬರದ ದೆಸೆಯಿಂದ.

ಹಳೆಯ ಬರ, ಹಳೆಯ ಕೂಲಿ

ಬರಕ್ಕೆ ಭಾಷೆಯ ಗಡಿಯಿಲ್ಲ. ಸಹ್ಯಾದ್ರಿಯ ಪೂರ್ವಕ್ಕೆ, ಮೋಡಗಳು ತಮ್ಮ ಭಾರವನ್ನೆಲ್ಲ ಘಟ್ಟದ ಮೇಲೆ ಇಳಿಸಿ ಬರಿದಾಗಿ ದಾಟಿ ಬರುವ ನಾಡೊಂದಿದೆ. ಅಹ್ಮದನಗರ, ಪುಣೆ ಜಿಲ್ಲೆಯ ಪೂರ್ವ ಭಾಗ, ಸೋಲಾಪುರ, ಸಾಂಗಲಿಯ ಜತ್ತ, ನಮ್ಮ ವಿಜಾಪುರ, ಇವೆಲ್ಲ ಒಂದೇ ಬರದ ಪಟ್ಟಿ. 1956ರವರೆಗೆ ವಿಜಾಪುರವೂ ಮುಂಬಯಿ ರಾಜ್ಯದಲ್ಲೇ ಇತ್ತು. ಜತ್ತ, ಅಕ್ಕಲಕೋಟೆಗಳಲ್ಲಿ ಇಂದಿಗೂ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಬೇಕಾದಷ್ಟಿವೆ. ನೆಲ ಒಂದೇ, ಆಕಾಶ ಒಂದೇ, ಜೋಳದ ರೊಟ್ಟಿಯೂ ಒಂದೇ.

1876ರಿಂದ 78ರವರೆಗೆ ಬಿದ್ದ ಬರದಲ್ಲಿ ಆಗ ಕಲಾದಗಿ ಎಂದು ಕರೆಯಲಾಗುತ್ತಿದ್ದ ವಿಜಾಪುರ ಜಿಲ್ಲೆ ಹೇಳಲಾಗದಷ್ಟು ನೊಂದಿತು. 1872ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಜಿಲ್ಲೆಯ ಜನಸಂಖ್ಯೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಇಳಿದಿತ್ತು. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂದು ಬೇರೆ ಮಾಡಿ ಹೇಳುವಂತಿಲ್ಲ.

ಆ ಕಾಲದ ಸರಕಾರ ಬರಪೀಡಿತರಿಗೆ ಕೆಲಸ ಕೊಡಲಿಲ್ಲವೆಂದಲ್ಲ. ರಸ್ತೆ, ಕೆರೆ, ಕಾಲುವೆಗಳ ಕಾಮಗಾರಿ ನಡೆದವು. ಆದರೆ ಅದರ ಹಿಂದಿನ ಭಾವನೆ ಬೇರೆ ಇತ್ತು. ಬರ ಪರಿಹಾರದ ವೆಚ್ಚಕ್ಕೆ ಕಡಿವಾಣ ಹಾಕಲು ಬಂದ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, 1877ರ ಆರಂಭದಲ್ಲಿ ದಿನದ ಕೂಲಿಯನ್ನು ಒಂದು ಪೌಂಡ್, ಎಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದಾಣೆಗೆ ಇಳಿಸಿದ. ಇಡೀ ದಿನ ಮಣ್ಣು ಹೊತ್ತವನಿಗೆ ಅಷ್ಟು! ಮುಂಬಯಿ ಪ್ರಾಂತ್ಯದಲ್ಲಿ ಸಾವಿರಾರು ಕೂಲಿಕಾರರು ಆ ಕೂಲಿ ಬೇಡವೆಂದು ಕೆಲಸ ಬಿಟ್ಟು ನಡೆದರು. ಅವರ ಪರವಾಗಿ ಪುಣೆಯ ಸಾರ್ವಜನಿಕ ಸಭೆ ಸರಕಾರಕ್ಕೆ ಮನವಿಗಳನ್ನು ಬರೆಯಿತು. ಹಸಿದವರು ಹೂಡಿದ ಆ ಮುಷ್ಕರ ನಮ್ಮ ಚರಿತ್ರೆ ಪುಸ್ತಕಗಳಲ್ಲಿ ದೊಡ್ಡ ಅಕ್ಷರದಲ್ಲಿ ಬಂದಿಲ್ಲ.

1880ರ ಕ್ಷಾಮ ಆಯೋಗದ ಅನಂತರ ಕ್ಷಾಮ ಸಂಹಿತೆಗಳು ಬಂದವು. ಜನ ಸಾಯದಂತೆ ನೋಡಿಕೊಳ್ಳುವುದು ಸರಕಾರದ ಕರ್ತವ್ಯವೆಂದು ಅವು ಒಪ್ಪಿದ್ದು ದೊಡ್ಡ ಹೆಜ್ಜೆಯೇ. ಆದರೆ ಕೆಲಸ ಕೇಳಿ ಬಂದವನು ನಿಜವಾಗಿ ಹಸಿದಿದ್ದಾನೆಯೇ ಎಂದು ಪರೀಕ್ಷಿಸುವ ಏರ್ಪಾಡೂ ಅವುಗಳಲ್ಲಿತ್ತು. ಕೆಲಸದ ಜಾಗವನ್ನು ಊರಿನಿಂದ ದೂರ ಇಡುವುದು, ಕೂಲಿಯನ್ನು ಹೊಟ್ಟೆಗೆ ಸಾಕಾಗುವಷ್ಟಕ್ಕೆ ಮಾತ್ರ ಇಡುವುದು, ಅಷ್ಟಾದರೂ ಬಂದವನನ್ನು ಮಾತ್ರ ಬಡವನೆಂದು ನಂಬುವುದು. ಸುಮಾರು ನೂರು ವರ್ಷ ಬರಗಾಲದ ಕೆಲಸವೆಂದರೆ ಇದೇ ಆಗಿತ್ತು. ಅದು ಸರಕಾರ ಕೊಟ್ಟದ್ದು, ಬಡವ ಬೇಡಿದ್ದು.

ಸಾವಿರದ ಒಂಬೈನೂರ ಎಪ್ಪತ್ತೆರಡು

1972ರ ಜೂನ್ ತಿಂಗಳಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೆಯಿತು. ಅಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಮಾಡಿದ ಭಾಷಣ ಪ್ರಸಿದ್ಧವಾಗಿದೆ. ಬಡತನವನ್ನು ಬಿಟ್ಟು ಪರಿಸರದ ಮಾತನಾಡಲಾಗದು, ಹೊಟ್ಟೆಗಿಲ್ಲದವನಿಗೆ ಕಾಡು ಉಳಿಸೆಂದು ಉಪದೇಶಿಸಿ ಪ್ರಯೋಜನವಿಲ್ಲ ಎಂಬುದು ಅದರ ಸಾರ. ಅದೇ ಜೂನ್‌ನಲ್ಲಿ ಮಹಾರಾಷ್ಟ್ರದ ರೈತ ಮುಗಿಲು ನೋಡುತ್ತಿದ್ದ. ಹಿಂದಿನೆರಡು ವರ್ಷಗಳೂ ಮಳೆ ಸರಿಯಾಗಿ ಬಂದಿರಲಿಲ್ಲ. ಮೂರನೆಯ ವರ್ಷ ಅದು ಪೂರ್ತಿ ಕೈಕೊಟ್ಟಿತು. ರಾಜ್ಯದ ಧಾನ್ಯದ ಬೆಳೆ ಒಳ್ಳೆಯ ವರ್ಷದ ಸುಮಾರು ಅರ್ಧಕ್ಕೆ ಕುಸಿಯಿತು. ಬಾವಿ ಬತ್ತಿದವು, ಮೇವಿಲ್ಲದೆ ದನಗಳು ಸತ್ತವು. ನಮ್ಮ ವಿಜಾಪುರ, ಗುಲಬರ್ಗಾಗಳ ಕಡೆಗೂ ಅದೇ ಬಿಸಿ ತಟ್ಟಿತು.

ನಗರಗಳೂ ಸುಖವಾಗಿರಲಿಲ್ಲ. ಧಾನ್ಯ, ಎಣ್ಣೆ, ಸಕ್ಕರೆಗಳ ಬೆಲೆ ಏರುತ್ತ ಹೋಯಿತು. ಮುಂಬಯಿಯಲ್ಲಿ ಮೃಣಾಲ ಗೋರೆ, ಅಹಿಲ್ಯಾ ರಾಂಗಣೇಕರ ಮುಂತಾದವರ ನೇತೃತ್ವದಲ್ಲಿ ಗೃಹಿಣಿಯರು ಲಟ್ಟಣಿಗೆ ಹಿಡಿದು ಬೀದಿಗೆ ಇಳಿದರು. ‘ಲಾಟಣೆ ಮೋರ್ಚಾ’ ಎಂದು ಹೆಸರಾದ ಮೆರವಣಿಗೆಗಳವು. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ಸರಬರಾಜನ್ನು ಬಿಗಿಹಿಡಿದವು. ಎಣ್ಣೆಯ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. 1974ರಲ್ಲಿ ದೇಶದ ಹಣದುಬ್ಬರ ಶೇಕಡಾ 20ನ್ನೂ ಮೀರಿತು. ಅದೇ ಮೇ ತಿಂಗಳಲ್ಲಿ ರೈಲ್ವೆ ಮುಷ್ಕರ. ಆಗ ಸಂಸಾರ ನಡೆಸಿದ ಹಿರಿಯರನ್ನು ಕೇಳಿದರೆ ರೇಷನ್ ಅಂಗಡಿಯ ಸಾಲಿನ ಕತೆಯನ್ನು ಹೇಳಿಯಾರು.

ಹಳ್ಳಿಯ ಜನ ಕೆಲಸ ಕೇಳಿದರು. ಮುಖ್ಯಮಂತ್ರಿ ವಸಂತರಾವ ನಾಯಿಕರ ಸರಕಾರ ಹಿಂದೆಂದೂ ಕಾಣದಷ್ಟು ಪ್ರಮಾಣದಲ್ಲಿ ಬರಗಾಲದ ಕಾಮಗಾರಿಗಳನ್ನು ತೆರೆಯಿತು. 1973ರ ಮೇ ತಿಂಗಳಲ್ಲಿ ಈ ಕೆಲಸಗಳ ಮೇಲಿದ್ದವರ ಸಂಖ್ಯೆ ಸುಮಾರು 50 ಲಕ್ಷ. ಆಗ ರಾಜ್ಯದ ಹಳ್ಳಿಗಳಲ್ಲಿದ್ದ ಜನ ಮೂರೂವರೆ ಕೋಟಿಯಷ್ಟು. ಎಂದರೆ ಮಕ್ಕಳು ಮುದುಕರನ್ನೂ ಸೇರಿಸಿ ಲೆಕ್ಕ ಹಾಕಿದರೂ ಏಳು ಜನರಲ್ಲಿ ಒಬ್ಬರು ಗುದ್ದಲಿ ಬುಟ್ಟಿ ಹಿಡಿದು ಸರಕಾರಿ ಕೆಲಸದಲ್ಲಿದ್ದರು. ಕೂಲಿ ಕಡಿಮೆಯಾದಾಗ, ತಡವಾದಾಗ ಅವರು ಮೋರ್ಚಾ ತೆಗೆದರು, ಕಚೇರಿಗಳಿಗೆ ಮುತ್ತಿಗೆ ಹಾಕಿದರು. ಅಷ್ಟು ಘೋರವಾದ ಬರದಲ್ಲೂ ದೊಡ್ಡ ಪ್ರಮಾಣದ ಹಸಿವಿನ ಸಾವು ಸಂಭವಿಸಲಿಲ್ಲವೆಂಬುದನ್ನು ಅನಂತರ ಅಭ್ಯಾಸ ಮಾಡಿದ ಅರ್ಥಶಾಸ್ತ್ರಜ್ಞರು ವಿಶೇಷವಾಗಿ ಎತ್ತಿ ಹೇಳಿದ್ದಾರೆ.

ಆದರೆ ಆ ಕೆಲಸದಲ್ಲಿ ಬಹುಭಾಗ ಖಡಿ ಒಡೆಯುವುದಾಗಿತ್ತು. ರಸ್ತೆಗೆಂದು ಒಡೆದ ಕಲ್ಲು ರಸ್ತೆಯ ಬದಿಯಲ್ಲಿ ರಾಶಿ ಬಿದ್ದು ಅಲ್ಲೇ ಉಳಿದದ್ದೂ ಉಂಟು. ಕೂಲಿ ಸಿಕ್ಕಿತು, ಜೀವ ಉಳಿಯಿತು, ಸರಿ. ಆದರೆ ಮುಂದಿನ ಬರವನ್ನು ತಡೆಯುವಂಥದು ಅದರಿಂದ ಏನೂ ಹುಟ್ಟಲಿಲ್ಲ. ಇಷ್ಟೊಂದು ಕೈಗಳು ಕಲ್ಲಿನ ಬದಲು ಮಣ್ಣು ನೀರಿನ ಕೆಲಸಕ್ಕೆ ತೊಡಗಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಹಲವರ ಮನಸ್ಸಿನಲ್ಲಿ ಮೂಡಿತು.

ಕೇಳಿದವನಿಗೆ ಕೆಲಸ

ಆ ಪ್ರಶ್ನೆಯನ್ನು ಬರಕ್ಕಿಂತ ಮುಂಚೆಯೇ ಕೇಳಿಕೊಂಡಿದ್ದವರೊಬ್ಬರಿದ್ದರು. ವಿ. ಸ. ಪಾಗೆಯವರು ಸಾಂಗಲಿ ಜಿಲ್ಲೆಯ ತಾಸಗಾಂವ ತಾಲೂಕಿನವರು, ಸ್ವಾತಂತ್ರ್ಯ ಹೋರಾಟಗಾರರು. 1960ರಿಂದ 1978ರವರೆಗೆ ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿಗಳು. 1965ರಲ್ಲಿಯೇ ತಾಸಗಾಂವದ ಕೆಲವು ಹಳ್ಳಿಗಳಲ್ಲಿ ಅವರ ಸೂಚನೆಯಂತೆ ಒಂದು ಪ್ರಯೋಗ ನಡೆಯಿತು. ಕೆಲಸ ಬೇಕೆಂದವನಿಗೆ ಅವನ ಊರಿನ ಹತ್ತಿರವೇ ಕೆಲಸ ಕೊಡುವುದು. ಆ ಕೆಲಸ ಊರಿನ ಹೊಲ ನೀರುಗಳಿಗೆ ಉಪಯೋಗವಾಗುವಂಥದು ಆಗಿರಬೇಕು. ಪುಣೆಯ ಗೋಖಲೆ ಸಂಸ್ಥೆಯ ಪ್ರೊ. ವಿ. ಎಂ. ದಾಂಡೇಕರ ಮತ್ತು ನೀಲಕಂಠ ರಥ ಅವರು 1971ರಲ್ಲಿ ಪ್ರಕಟಿಸಿದ ಭಾರತದ ಬಡತನದ ಅಧ್ಯಯನವೂ, ಗ್ರಾಮೀಣ ಕಾಮಗಾರಿಗಳ ಮೂಲಕ ಉದ್ಯೋಗದ ಭರವಸೆ ಕೊಡುವುದೇ ದಾರಿ ಎಂದಿತ್ತು.

1972ರ ಮೇ 1ರಂದು ‘ರೋಜಗಾರ ಹಮೀ ಯೋಜನಾ’, ಎಂದರೆ ಉದ್ಯೋಗ ಭರವಸೆ ಯೋಜನೆ, ರಾಜ್ಯದ ತುಂಬ ಆರಂಭವಾಯಿತು. ಬರದ ಕಾಮಗಾರಿಗಳ ಭರಾಟೆಯಲ್ಲಿ ಬದಿಗೆ ಸರಿದು, ಬರ ಮುಗಿದ ಮೇಲೆ ಮತ್ತೆ ತಲೆಯೆತ್ತಿತು. 1977ರಲ್ಲಿ ವಿಧಾನ ಮಂಡಲ ಅದನ್ನು ಕಾಯ್ದೆಯಾಗಿ ಸರ್ವಾನುಮತದಿಂದ ಅಂಗೀಕರಿಸಿತು. 1979ರ ಜನವರಿ 26ರಂದು ಜಾರಿಗೆ ಬಂತು. ಅದರ ಘೋಷವಾಕ್ಯ ಮರಾಠಿಯಲ್ಲಿ ಮೂರೇ ಮಾತು: ‘ಮಾಗೇಲ ತ್ಯಾಲಾ ಕಾಮ’. ಕೇಳಿದವನಿಗೆ ಕೆಲಸ.

ಹಳೆಯ ಕ್ಷಾಮ ಸಂಹಿತೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಅಲ್ಲಿ ಬರ ಬಿದ್ದಿದೆಯೆಂದು ಸರಕಾರ ಸಾರಿದರೆ ಮಾತ್ರ ಕೆಲಸ; ಇಲ್ಲಿ ಯಾವ ವರ್ಷವಾದರೂ, ಹಳ್ಳಿಯ ಯಾವ ವಯಸ್ಕನಾದರೂ ಅರ್ಜಿ ಕೊಟ್ಟರೆ ಹದಿನೈದು ದಿನಗಳೊಳಗೆ ಕೆಲಸ ಕೊಡಬೇಕು, ಇಲ್ಲವಾದರೆ ನಿರುದ್ಯೋಗ ಭತ್ಯೆ ಕೊಡಬೇಕು. ಅಲ್ಲಿ ದೂರವೇ ಪರೀಕ್ಷೆ. ಇಲ್ಲಿ ಸಾಧ್ಯವಾದ ಮಟ್ಟಿಗೆ ಊರಿನ ಸಮೀಪದಲ್ಲೇ ಕೆಲಸ. ಗಂಡಸಿಗೂ ಹೆಂಗಸಿಗೂ ಅಗೆದ ಮಣ್ಣಿನ ಅಳತೆಯ ಮೇಲೆ ಒಂದೇ ದರ. ಕೆಲಸದ ಜಾಗದಲ್ಲಿ ಕುಡಿಯುವ ನೀರು, ಕೂಸುಗಳಿಗೆ ನೆರಳು. ವೆಚ್ಚದಲ್ಲಿ ಕನಿಷ್ಠ ಶೇಕಡಾ 60 ಕೂಲಿಗೇ ಹೋಗಬೇಕು. ಯಂತ್ರ, ಸಿಮೆಂಟುಗಳ ಹೆಸರಿನಲ್ಲಿ ಕಂತ್ರಾಟುದಾರನ ಜೇಬು ತುಂಬಬಾರದು. ಯಾವ ಕೆಲಸಕ್ಕೆ ಮೊದಲ ಸ್ಥಾನವೆಂದರೆ ಜಿನುಗು ಕೆರೆ, ಹಳ್ಳಗಳಿಗೆ ತಡೆ, ಹೊಲಗಳಿಗೆ ಒಡ್ಡು, ಗಿಡ ನೆಡುವುದು ಮುಂತಾದ ಉತ್ಪಾದಕ ಕೆಲಸಗಳಿಗೆ; ರಸ್ತೆ ಆಮೇಲೆ. ಕಪ್ಪು ಕಲ್ಲಿನ ಮೇಲೆ ತೆಳುವಾಗಿ ಹಾಸಿದ ಮಣ್ಣಿನ ನಾಡಿನಲ್ಲಿ ಬಿದ್ದ ಮಳೆ ಓಡಿ ಹೋಗುತ್ತದೆ. ಓಡುವ ನೀರನ್ನು ನಡೆಸಬೇಕು, ನಡೆಯುವ ನೀರನ್ನು ನಿಲ್ಲಿಸಬೇಕು, ನಿಂತದ್ದನ್ನು ನೆಲಕ್ಕೆ ಇಂಗಿಸಬೇಕು. ನಮ್ಮ ಹಿರಿಯರು ಕೆರೆ ಕಟ್ಟಿದ್ದೂ ಇದೇ ತಿಳಿವಳಿಕೆಯಿಂದ.

1980ರ ಆಸುಪಾಸಿನಲ್ಲಿ ಈ ಯೋಜನೆ ವರ್ಷಕ್ಕೆ 15ರಿಂದ 20 ಕೋಟಿ ಮಾನವ ದಿನಗಳಷ್ಟು ಕೆಲಸ ಕೊಡುತ್ತಿತ್ತು. ಗೋಖಲೆ ಸಂಸ್ಥೆಯ ಕುಮುದಿನಿ ದಾಂಡೇಕರ ಮತ್ತು ಮಂಜು ಸಾಠೆ ಅವರು ನಡೆಸಿದ ಅಧ್ಯಯನದಲ್ಲಿ, ಬಂದವರು ಬಹುಮಟ್ಟಿಗೆ ನಿಜವಾದ ಬಡವರೇ ಎಂಬುದೂ, ಅವರಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದರೆಂಬುದೂ ಕಂಡುಬಂತು. ತನ್ನ ಹೆಸರಿನಲ್ಲಿ ತುಂಡು ನೆಲವಿಲ್ಲದ ಹೆಂಗಸು ತನ್ನ ಹೆಸರಿಗೆ ಕೂಲಿ ಎಣಿಸಿಕೊಂಡಳೆಂಬುದು ಸಾಮಾನ್ಯ ಮಾತಲ್ಲ.

ತೆತ್ತವರಾರು, ಪಡೆದವರಾರು?

ಇಷ್ಟಕ್ಕೆ ಹಣ ಎಲ್ಲಿಂದ ಬಂತು? ಇಲ್ಲಿಗೆ ನಮ್ಮ ಸಂಬಳದ ಚೀಟಿಗೆ ಮರಳುತ್ತೇವೆ. ವೃತ್ತಿ ತೆರಿಗೆ, ಮಾರಾಟ ತೆರಿಗೆಯ ಮೇಲೆ ಅಧಿಕ ತೆರಿಗೆ, ವಾಹನ ತೆರಿಗೆಯ ಮೇಲೆ ಇನ್ನಷ್ಟು, ನೀರಾವರಿ ಜಮೀನಿನ ಮೇಲೆ ಸೆಸ್ಸು, ಇವುಗಳಿಂದ ಒಂದು ಪ್ರತ್ಯೇಕ ನಿಧಿ. ಅಷ್ಟೇ ಮೊತ್ತವನ್ನು ರಾಜ್ಯ ಸರಕಾರವೂ ಸೇರಿಸಬೇಕು. ವೃತ್ತಿ ತೆರಿಗೆಯಲ್ಲಿ ಸಿಂಹಪಾಲು ಬಂದದ್ದು ಮುಂಬಯಿಯಿಂದ. ಬ್ಯಾಂಕಿನ ಗುಮಾಸ್ತರು, ಗಿರಣಿಯ ಜಾಬರುಗಳು, ಹೋಟೆಲು ನಡೆಸುವವರು, ಶಾಲೆಯ ಮಾಸ್ತರರು, ಎಲ್ಲರೂ ತೆತ್ತರು. ಅವರಲ್ಲಿ ನಮ್ಮವರೂ ಇದ್ದರು. ಬೆಲೆಯೇರಿಕೆಯಿಂದ ತಾವೇ ಬಳಲುತ್ತಿದ್ದ ದಿನಗಳಲ್ಲಿ ನಗರದವರು ಹಳ್ಳಿಯ ಕೂಲಿಗಾಗಿ ತೆರಿಗೆ ಕೊಟ್ಟದ್ದು ದೇಶದಲ್ಲಿ ಹೊಸ ಸಂಗತಿ.

ಇದು ಬರಿಯ ಔದಾರ್ಯವೇ? ಹಾಗೆಂದು ನಾವು ಬೆನ್ನು ತಟ್ಟಿಕೊಳ್ಳುವುದು ಸರಿಯಲ್ಲ. ಬರದ ವರ್ಷಗಳಲ್ಲಿ ಹಳ್ಳಿಗರು ಗುಂಪುಗುಂಪಾಗಿ ಮುಂಬಯಿಯ ಕಾಲುದಾರಿಗಳಿಗೆ ಬಂದಿಳಿದಿದ್ದರು. ಅವರಿಗೆ ಅವರ ಊರಿನಲ್ಲೇ ಕೆಲಸ ಸಿಕ್ಕರೆ ಇಲ್ಲಿಗೆ ಬರುವುದಿಲ್ಲವೆಂಬ ಲೆಕ್ಕಾಚಾರವೂ ಇತ್ತು. ಇದೇ ಊರಿಗೆ ಒಮ್ಮೆ ಬುತ್ತಿ ಕಟ್ಟಿಕೊಂಡು ಬಂದಿಳಿದ ನಾವು, ನಮ್ಮ ಹಿಂದೆ ಬರುವವರನ್ನು ತಡೆಯುವ ತೆರಿಗೆಯನ್ನು ಕೊಟ್ಟೆವು ಎಂದರೆ ಕಹಿಯೆನಿಸಬಹುದು. ಆದರೂ ಸುಳ್ಳಲ್ಲ. ಹಳ್ಳಿಯ ದೊಡ್ಡ ಜಮೀನುದಾರರಿಗೂ ತಮ್ಮ ಲೆಕ್ಕವಿತ್ತು. ಸುಗ್ಗಿಯಲ್ಲಿ ಬೇಕಾಗುವ ಆಳುಗಳು ಬೇಸಿಗೆಯಲ್ಲಿ ಊರು ಬಿಡದಿದ್ದರೆ ಅವರಿಗೆ ಅನುಕೂಲ. ಸರ್ವಾನುಮತದ ಹಿಂದೆ ಇಂಥ ಹಲವು ಮನಸ್ಸುಗಳಿದ್ದವು.

ದೋಷ ಇನ್ನೂ ಆಳದಲ್ಲಿತ್ತು. ಭೂಮಿಯಿಲ್ಲದವರು ಬಿಸಿಲಿನಲ್ಲಿ ಅಗೆದು ಜಿನುಗು ಕೆರೆ ಕಟ್ಟಿದರು. ಮಳೆ ಬಂದು ಕೆರೆ ತುಂಬಿ, ನೀರು ಇಂಗಿ ಕೆಳಗಿನ ಬಾವಿಗಳಲ್ಲಿ ಏರಿತು. ಬಾವಿ ಯಾರದು? ಜಮೀನಿದ್ದವರದು. ಅವರು ಪಂಪು ಕೂಡಿಸಿ ಕಬ್ಬು ಹಾಕಿದರು. ಕೆರೆ ಅಗೆದವನಿಗೆ ಅಷ್ಟು ದಿನದ ಕೂಲಿ ಮುಗಿಯಿತು; ಮುಂದಿನ ವರ್ಷ ಮತ್ತೆ ಗುದ್ದಲಿ. ಮಹಾರಾಷ್ಟ್ರದ ಸಾಗುವಳಿ ಭೂಮಿಯಲ್ಲಿ ಕಬ್ಬು ಬೆಳೆಯುವುದು ಸಣ್ಣ ಪಾಲಿನಲ್ಲಿ, ಆದರೆ ನೀರಾವರಿಯ ನೀರಿನಲ್ಲಿ ಬಹುಪಾಲನ್ನು ಅದೇ ಹೀರುತ್ತದೆ. ಹೀಗಾಗಿ ನೆಲ ಹಸಿರಾದರೂ ಬಾಳು ಸಮವಾಗಲಿಲ್ಲ. ಮತ್ತು ಹಂಚಿಕೆ ಸರಿಯಿಲ್ಲದ ಆ ಹಸಿರೂ ಬಹುಕಾಲ ನಿಲ್ಲಲಿಲ್ಲ. ಒಬ್ಬನ ಬಾವಿ ಆಳಕ್ಕೆ ಹೋದಂತೆ ಇನ್ನೊಬ್ಬನದು ಬತ್ತಿತು.

ಕೂಲಿಯ ವಿಷಯದಲ್ಲೂ ಕೊರತೆಗಳಿದ್ದವು. 1988ರಲ್ಲಿ ರಾಜ್ಯದ ಕನಿಷ್ಠ ಕೂಲಿಯನ್ನು ಒಮ್ಮೆಲೆ ಏರಿಸಿದಾಗ ಯೋಜನೆಯ ಕೂಲಿಯೂ ಏರಿತು. ಆದರೆ ಆ ಮೇಲೆ ಕೆಲಸ ಸಿಕ್ಕವರ ಸಂಖ್ಯೆ ಇಳಿಯಿತು. ಕೇಳಿದವರಿಗೆಲ್ಲ ಕೆಲಸವೆಂಬ ಭರವಸೆ ಅಲ್ಲಿ ಸಡಿಲಾಯಿತೆಂದು ಅಧ್ಯಯನ ಮಾಡಿದವರು ಬರೆದಿದ್ದಾರೆ. ನಿಧಿಗೆಂದು ವಸೂಲಾದ ಹಣವೆಲ್ಲ ಕೂಲಿಗೆ ವೆಚ್ಚವಾಗುತ್ತಿಲ್ಲವೆಂಬ ದೂರು ಹಲವು ವರ್ಷ ಕೇಳಿಬಂತು.

ನಾಯಗಾಂವದ ಪಾಠ

ಈ ದೋಷಕ್ಕೆ ಉತ್ತರ ಹುಡುಕಿದ್ದು ಪುಣೆಯ ಹತ್ತಿರದ ಪುರಂದರ ತಾಲೂಕಿನಲ್ಲಿ. ಪುರಂದರ ಎಂದೊಡನೆ ನಮಗೆ ದಾಸರ ನೆನಪು. ದಾಸರು ಹುಟ್ಟಿದ್ದು ಈ ಪುರಂದರಗಡದ ಬಳಿಯೋ ನಮ್ಮ ಮಲೆನಾಡಿನಲ್ಲೋ ಎಂಬ ವಾದವನ್ನು ವಿದ್ವಾಂಸರಿಗೆ ಬಿಡೋಣ. ಆ ತಾಲೂಕು ಮಳೆನೆರಳಿನದು. 1972ರ ಬರದಲ್ಲಿ ಪುಣೆಯ ಉದ್ಯಮಿ, ಎಂಜಿನಿಯರ್ ವಿಲಾಸರಾವ ಸಾಳುಂಖೆಯವರು ಅಲ್ಲಿ ಸುತ್ತಾಡಿ, ಕಲ್ಲು ಒಡೆಯುತ್ತಿದ್ದ ಜನರನ್ನು ಕಂಡರು. ಬರ ಕಳೆದರೂ ಅವರ ಮನಸ್ಸಿನಿಂದ ಆ ನೋಟ ಹೋಗಲಿಲ್ಲ. 1974ರಲ್ಲಿ ಪತ್ನಿ ಕಲ್ಪನಾ ಅವರೊಡನೆ ‘ಗ್ರಾಮ ಗೌರವ ಪ್ರತಿಷ್ಠಾನ’ವನ್ನು ಸ್ಥಾಪಿಸಿ, ನಾಯಗಾಂವದಲ್ಲಿ ದೇವಸ್ಥಾನಕ್ಕೆ ಸೇರಿದ 40 ಎಕರೆ ಬರಡು ಗುಡ್ಡವನ್ನು ಗೇಣಿಗೆ ಪಡೆದರು. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ, ತಳದಲ್ಲಿ ಜಿನುಗು ಕೆರೆ ಕಟ್ಟಿ, ಅದರ ಕೆಳಗೆ ಬಾವಿ ತೋಡಿ, ಬಾವಿಯ ನೀರನ್ನು ಮತ್ತೆ ಮೇಲಕ್ಕೆ ಎತ್ತಿ ಹೊಲಗಳಿಗೆ ಹಾಯಿಸಿದರು. ಹುಲ್ಲು ಹುಟ್ಟದ ಜಾಗದಲ್ಲಿ ಧಾನ್ಯ, ತರಕಾರಿ, ಹಣ್ಣಿನ ಗಿಡಗಳು ಬಂದವು.

ಇಷ್ಟನ್ನು ಒಬ್ಬ ಶ್ರಮಜೀವಿ ಎಂಜಿನಿಯರ್ ಮಾಡಬಲ್ಲ. ಸಾಳುಂಖೆಯವರ ದೊಡ್ಡತನ ಇರುವುದು ಆಮೇಲಿನ ಹೆಜ್ಜೆಯಲ್ಲಿ. ಸುತ್ತಲಿನ ರೈತರು ಕೂಡಿ ‘ಪಾಣಿ ಪಂಚಾಯತ’ ಕಟ್ಟಿಕೊಂಡರು. ಅದರ ಕಟ್ಟಳೆಗಳು ಸರಳ. ನೀರು ಹೊಲದ ಅಳತೆಗಲ್ಲ, ಮನೆಯ ತಲೆಯೆಣಿಕೆಗೆ: ಒಬ್ಬರಿಗೆ ಅರ್ಧ ಎಕರೆಗೆ ಬೇಕಾಗುವಷ್ಟು, ಒಂದು ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಐವತ್ತು ಎಕರೆಯವನಾದರೂ ಅಷ್ಟೇ. ಭೂಮಿಯಿಲ್ಲದವನಿಗೂ ನೀರಿನಲ್ಲಿ ಪಾಲುಂಟು. ಹೊಲ ಮಾರಿದರೆ ನೀರಿನ ಹಕ್ಕು ಅದರೊಡನೆ ಹೋಗುವುದಿಲ್ಲ, ಪಂಚಾಯತಕ್ಕೆ ಮರಳುತ್ತದೆ. ಕಬ್ಬಿನಂಥ ನೀರುಬಾಕ ಬೆಳೆ ಕೂಡದು. ಯೋಜನೆಯ ವೆಚ್ಚದಲ್ಲಿ ಐದರಲ್ಲಿ ಒಂದು ಪಾಲನ್ನು ಸದಸ್ಯರು ತಾವೇ ಹಾಕಬೇಕು. ಅರ್ಧ ಸರಕಾರದ ಸಹಾಯಧನ, ಉಳಿದದ್ದು ಪ್ರತಿಷ್ಠಾನದ ಬಡ್ಡಿಯಿಲ್ಲದ ಸಾಲ. ಸರದಿಯಂತೆ ನೀರು ಬಿಡಲು ಊರವರೇ ನೇಮಿಸಿದ ‘ಪಾಟಕರಿ’. ನಮ್ಮ ಕಡೆ ಹಳೆಯ ಕೆರೆಗಳಿಗೆ ನೀರಗಂಟಿ ಇರುತ್ತಿದ್ದನಲ್ಲ, ಹಾಗೆ.

ಇಂಥ ಎತ್ತು ನೀರಾವರಿ ಯೋಜನೆಗಳು ತಾಲೂಕಿನಲ್ಲಿ ಹಲವು ಆದವು. ಎಲ್ಲವೂ ಉಳಿಯಲಿಲ್ಲ. ವಿದ್ಯುತ್ತಿನ ಬಿಲ್ಲು, ಸದಸ್ಯರ ನಡುವಿನ ಮನಸ್ತಾಪ, ಮೇಲಿನ ಅಧಿಕಾರಿಗಳ ಉದಾಸೀನ, ಇವು ಎಂಥ ಒಳ್ಳೆಯ ಕೆಲಸಕ್ಕೂ ತೊಡಕು. ಸಾಳುಂಖೆಯವರು 2002ರಲ್ಲಿ ತೀರಿಕೊಂಡರು. ಆದರೆ ನೀರು ಭೂಮಿಯ ಬಾಲವಲ್ಲ, ಊರಿನ ಸೊತ್ತು ಎಂದು ಅವರು ನಾಯಗಾಂವದಲ್ಲಿ ತೋರಿಸಿದ್ದನ್ನು ಅಳಿಸಲಾಗುವುದಿಲ್ಲ.

ಅಹ್ಮದನಗರ (2024ರಿಂದ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಾಜಾರ ಇನ್ನೊಂದು ನಿದರ್ಶನ. 1972ರ ಬರದ ನಂತರ ಆ ಊರು ದಿನೇ ದಿನೇ ಬರಿದಾಯಿತು; ಕೂಲಿಗಾಗಿ ಜನ ಮುಂಬಯಿ ಪುಣೆಗಳಿಗೆ ಹೋದರು. 1989ರಲ್ಲಿ ಸರಪಂಚರಾದ ಪೋಪಟರಾವ ಪವಾರರು ಊರವರನ್ನು ಕೂಡಿಸಿ, ಉದ್ಯೋಗ ಭರವಸೆ ಯೋಜನೆಯ ಕೂಲಿಯಿಂದಲೇ ಗುಡ್ಡಗಳಿಗೆ ಸಮಮಟ್ಟದ ಕಾಲುವೆ ತೋಡಿಸಿದರು, ಗಿಡ ನೆಡಿಸಿದರು. ದನಗಳನ್ನು ಗುಡ್ಡದಲ್ಲಿ ಮನಬಂದಂತೆ ಮೇಯಿಸಬಾರದು, ಮರ ಕಡಿಯಬಾರದು, ಬೇಸಾಯಕ್ಕೆ ಕೊಳವೆ ಬಾವಿ ಕೊರೆಯಬಾರದು, ಕಬ್ಬು ಹಾಕಬಾರದು ಎಂದು ಊರೇ ನಿಯಮ ಮಾಡಿತು. ಮಳೆಗಾಲ ಮುಗಿದ ಮೇಲೆ ನೆಲದಲ್ಲಿ ನೀರೆಷ್ಟಿದೆಯೆಂದು ಅಳೆದು, ಆ ವರ್ಷ ಯಾವ ಬೆಳೆ ಎಷ್ಟೆಂದು ಗ್ರಾಮಸಭೆ ತೀರ್ಮಾನಿಸುತ್ತದೆ. ನಾವು ಪರವೂರಿನವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ: ಊರು ಬಿಟ್ಟ ಕುಟುಂಬಗಳಲ್ಲಿ ಹಲವು ಮರಳಿ ಬಂದವು.

ನಮಗೇನು ಸಂಬಂಧ?

ಮಹಾರಾಷ್ಟ್ರದ ಈ ಅನುಭವವೇ ಮುಂದೆ ದೇಶಕ್ಕೆ ದಾರಿಯಾಯಿತು. 2005ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ 2006ರ ಫೆಬ್ರವರಿಯಲ್ಲಿ 200 ಜಿಲ್ಲೆಗಳಲ್ಲಿ ಜಾರಿಗೆ ಬಂತು. ಹದಿನೈದು ದಿನಗಳ ಗಡುವು, ನಿರುದ್ಯೋಗ ಭತ್ಯೆ, ಊರ ಹತ್ತಿರದ ಕೆಲಸ, ನೀರಿನ ಕೆಲಸಕ್ಕೆ ಆದ್ಯತೆ, ಎಲ್ಲದರಲ್ಲೂ ಪಾಗೆಯವರ ಯೋಜನೆಯ ನೆರಳಿದೆ. ಕುಟುಂಬಕ್ಕೆ ವರ್ಷಕ್ಕೆ ನೂರು ದಿನವೆಂಬ ಮಿತಿ ಮಾತ್ರ ಮಹಾರಾಷ್ಟ್ರದಲ್ಲಿರಲಿಲ್ಲ. 2020ರಲ್ಲಿ ಮಹಾಮಾರಿಯಿಂದ ನಗರಗಳು ಬಾಗಿಲು ಹಾಕಿದಾಗ, ಹೊಟ್ಟೆಪಾಡಿಗೆ ಬಂದವರು ಗಂಟು ಹೊತ್ತು ಹೆದ್ದಾರಿಯಲ್ಲಿ ನಡೆದದ್ದನ್ನು ನಾವು ನಮ್ಮ ಕಿಟಕಿಗಳಿಂದ ನೋಡಿದೆವು. ದಶಕಗಳ ಕಾಲ ನಗರವನ್ನು ಕಟ್ಟಿದವರನ್ನು ಆ ನಗರಕ್ಕೆ ಎರಡು ತಿಂಗಳು ಸಾಕಲಾಗಲಿಲ್ಲ. ಊರು ಸೇರಿದವರನ್ನು ಹಿಡಿದು ನಿಲ್ಲಿಸಿದ್ದರಲ್ಲಿ ಈ ಕಾಯ್ದೆಯ ಪಾಲು ದೊಡ್ಡದು. 2020-21ರಲ್ಲಿ ದೇಶದಲ್ಲಿ 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು.

ಸಂಕಟ ಬಂದಾಗ ಪರಿಸರದ ಮಾತು, ಸಮಾನತೆಯ ಮಾತು ಆಮೇಲೆ, ಮೊದಲು ಹೇಗಾದರೂ ಹೊಟ್ಟೆ ತುಂಬಲಿ ಎನ್ನುವವರುಂಟು. 1972ರ ಚರಿತ್ರೆ ಹಾಗೆ ಹೇಳುವುದಿಲ್ಲ. ಹೊಟ್ಟೆ ತುಂಬಿಸುವ ಕೂಲಿಯಿಂದಲೇ ಕೆರೆಯನ್ನೂ ಕಟ್ಟಬಹುದು ಎಂದು ಅದು ತೋರಿಸಿತು. ಕಟ್ಟಿದ ಕೆರೆಯ ನೀರು ಯಾರಿಗೆ ಎಂದು ಮೊದಲೇ ನಿರ್ಧರಿಸದಿದ್ದರೆ, ಕೆರೆ ಕಟ್ಟಿದವನೇ ಬಾಯಾರಿ ಕೂಡುತ್ತಾನೆ ಎಂಬುದನ್ನೂ ತೋರಿಸಿತು. ಎರಡನೆಯ ಪಾಠವನ್ನು ನಾಡು ಇನ್ನೂ ಪೂರ್ತಿ ಕಲಿತಿಲ್ಲ.

ನಾವು ಮಾಡಬಹುದಾದದ್ದು ಕೆಲವುಂಟು. ಬೇಸಿಗೆಯ ರಜೆಗೆ ಊರಿಗೆ ಹೋದಾಗ ಮದುವೆ ಮುಂಜಿಗಳ ನಡುವೆ ಅರ್ಧ ದಿನ ಬಿಡುವು ಮಾಡಿಕೊಂಡು, ನಮ್ಮೂರ ಕೆರೆಯ ಹೂಳು ಯಾರು ತೆಗೆಸಿದರು, ಅದರ ನೀರು ಯಾರ ಹೊಲಕ್ಕೆ ಹೋಗುತ್ತದೆ, ತೆಗೆದವರ ಕೂಲಿ ಬಂತೇ ಎಂದು ವಿಚಾರಿಸೋಣ. ಊರು ಬಿಟ್ಟವರಿಗೆ ಕೇಳುವ ಅಧಿಕಾರವೇನು ಎಂದು ಯಾರಾದರೂ ಅಂದರೆ, ಊರು ಬಿಡುವಂತಾದದ್ದೇ ಆ ನೀರಿಲ್ಲದೆ ಎಂದು ಹೇಳೋಣ. ಪುಣೆಯಿಂದ ಸಾಸವಡಕ್ಕೆ ಬಸ್ಸಿನಲ್ಲಿ ಒಂದೆರಡು ತಾಸಿನ ಹಾದಿ. ಪ್ರತಿ ವರ್ಷ ಮಹಾಬಳೇಶ್ವರಕ್ಕೆ ಹೋಗುವ ನಮ್ಮ ಸಂಘದ ಪ್ರವಾಸವನ್ನು ಒಮ್ಮೆ ಪುರಂದರದ ಆ ಗುಡ್ಡಗಳ ಕಡೆಗೆ ತಿರುಗಿಸಬಾರದೇಕೆ? ಮಕ್ಕಳು ಕೋಟೆ ನೋಡಲಿ, ದಾಸರ ಹಾಡು ಹೇಳಲಿ, ನಾಯಗಾಂವದ ಒಡ್ಡುಗಳ ಮೇಲೂ ನಾಲ್ಕು ಹೆಜ್ಜೆ ನಡೆಯಲಿ.

ಮತ್ತೆ ಫೆಬ್ರವರಿ ಬರುತ್ತದೆ, ಸಂಬಳದ ಚೀಟಿಯಲ್ಲಿ 300 ರೂಪಾಯಿ ಕಡಿತವಾಗಿರುತ್ತದೆ. ಆಗ ಗೊಣಗುವುದಕ್ಕೆ ಬದಲಾಗಿ, ಆ ಹಣ ಹೋಗಬೇಕಾದ ಕಡೆಗೆ ಹೋಯಿತೇ ಎಂದು ಕೇಳುವ ನಾಲ್ಕು ಜನ ನಮ್ಮಲ್ಲಿ ಸಿದ್ಧರಾದರೆ ಈ ಬರಹದ ಶ್ರಮ ಸಾರ್ಥಕ.